ಒಡಪಿನಿಂದ ಕತ್ತರಿಸಿದ ಹೆಸರು

ಗಂಡನ ಹೆಸರನ್ನು ಒಂದೇ ಒಂದು ಸಲ ಹೇಳಿದರೆ ಸಾಕು ಎಂದಿದ್ದರು ಆಸ್ಪತ್ರೆಯವರು. ಕಾಶವ್ವ ಬೆಳಗಿನಿಂದ ಆ ಗಾಜಿನ ಕೋಣೆಯಲ್ಲಿ ಕುಳಿತು, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಸೆರಗಿನಿಂದ ಬಾಯೊರೆಸಿಕೊಂಡು ಸುಮ್ಮನಾಗಿದ್ದಳು. ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ್ದ ಆ ಕೋಣೆಯಲ್ಲಿ ಅವಳ ಉಸಿರಿನ ಸದ್ದು ಕೂಡ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು.

ಗಾಜಿನ ಆಚೆ ಕುಳಿತಿದ್ದ ನಾದಿನಿ ಬಾಳವ್ವನಿಗೆ ತಾಳ್ಮೆ ಕೆಟ್ಟಿತು. ಕಾಶವ್ವನ ಗಂಡ ಗುರುಪಾದನಿಗಿಂತ ಹಿರಿಯಳು, ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಬಾಗಿಲು ತಳ್ಳಿಕೊಂಡು ಒಳಬಂದು, "ಏನ ಕಾಶಿ, ಬಾಯಾಗ ಬೆಲ್ಲ ಇಟಗೊಂಡು ಕುಂತಿಯೇನು? ಅವ ಅಲ್ಲಿ ತಲಿ ಒಡಕೊಂಡು ಮಲಗ್ಯಾನ, ನೀ ಇಲ್ಲಿ ಹೊಸ ಮದಲಗಿತ್ತಿ ಹಂಗ ನಾಚತಿ," ಎಂದಳು.

ನಾಚಿಕೆಯಲ್ಲ, ನಾಲಿಗೆಯೇ ಹೊರಳುತ್ತಿರಲಿಲ್ಲ. ಅವನನ್ನು ಅವಳು 'ರೀ' ಎಂದು ಕರೆದಿದ್ದಳು, 'ಇಲ್ಲಿ ನೋಡ್ರಿ' ಎಂದಿದ್ದಳು, ಮಗಳು ಇದ್ದಾಗ 'ನಿಮ್ಮಪ್ಪ' ಎಂದಿದ್ದಳು. ಮಗಳು ಲಗ್ನವಾಗಿ ಸೊಲ್ಲಾಪುರಕ್ಕೆ ಹೋದ ಮೇಲೆ ಅದೂ ನಿಂತು ಬರೀ 'ರೀ' ಉಳಿದಿತ್ತು. ಗುರುಪಾದ ಊರಿನ ತುಂಬ ಹೆಸರು ಬರೆಯುವವನು. ಗದಗಿನ ಅಂಗಡಿಗಳ ಹಣೆಯ ಮೇಲೆ, ಲಾರಿಗಳ ಬೆನ್ನ ಮೇಲೆ, ಲಗ್ನದ ಮನೆಯ ಗೋಡೆಗಳ ಮೇಲೆ ಅವನ ಕೈಬರಹ. ಪ್ಲಾಸ್ಟಿಕ್ಕಿನ ಬ್ಯಾನರುಗಳನ್ನು ಸರಕಾರ ಪೂರಾ ನಿಲ್ಲಿಸಿದ ಮೇಲಂತೂ ಅವನ ಕುಂಚಕ್ಕೆ ಮತ್ತೆ ಪ್ರಾಯ ಬಂದಿತ್ತು. "ಊರ ಮಂದಿ ಹೆಸರೆಲ್ಲಾ ನಾ ಬರದೇನಿ, ನನ್ನ ಹೆಸರು ಹೇಳಾಕ ಮನ್ಯಾಗ ಒಬ್ಬಾಕಿ ಇಲ್ಲ ನೋಡು," ಎಂದು ಅವಳನ್ನು ಕಾಡುತ್ತಿದ್ದ. ಎಣ್ಣೆ ಗಿರಣಿಯ ಎತ್ತರದ ಗೋಡೆಯ ಮೇಲೆ ಕೊನೆಯ ಅಕ್ಷರಕ್ಕೆ ಅಂಚು ಕಟ್ಟುತ್ತಿದ್ದಾಗ ಅಟ್ಟಣಿಗೆಯ ಹಗ್ಗ ಜಾರಿತು. ಕೆಳಗೆ ಹಾಸುಗಲ್ಲು ಇತ್ತು.

ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವಲ್ಲಿ, ಅವುಗಳ ಬುಡದಲ್ಲಿ ಹೊಸದಾಗಿ ಎದ್ದಿದ್ದ ಮಿದುಳು ಸಂಶೋಧನೆಯ ಆಸ್ಪತ್ರೆಗೆ ಅವನನ್ನು ತಂದಿದ್ದರು. ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ಪಡಸಲಗಿ ಮೆಲುಮಾತಿನ ಹೆಂಗಸು. ಹೇಳುವುದನ್ನು ನೇರವಾಗಿ ಹೇಳುವವರು. ತಲೆಬುರುಡೆ ಎಂದರೆ ಬಾಯಿ ಕಟ್ಟಿದ ಗಡಿಗೆ, ಪೆಟ್ಟು ತಿಂದ ಮಿದುಳು ಅದರೊಳಗೆ ಉಬ್ಬುತ್ತದೆ, ಉಬ್ಬಿದರೆ ಒತ್ತಡ ಏರುತ್ತದೆ, ಒತ್ತಡ ಏರಿದರೆ ರಕ್ತ ಒಳಗೆ ಹೋಗಲು ದಾರಿಯಿರುವುದಿಲ್ಲ ಎಂದು ಕಾಶವ್ವನಿಗೆ ಬಿಡಿಸಿ ಹೇಳಿದ್ದರು. ಬಿದ್ದ ಪೆಟ್ಟು ಅರ್ಧ ಕೊಂದರೆ, ಆಮೇಲಿನ ಬಾವು ಇನ್ನರ್ಧ ಕೊಲ್ಲುತ್ತದೆ. ಅದಕ್ಕೇ ಬುರುಡೆಯ ಒಂದು ತುಂಡನ್ನು ತೆಗೆದು, ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳುವಾದ ಒಂದು ಜಾಲರಿಯನ್ನು ಮಿದುಳಿನ ಮೇಲೆ ಹೊದಿಸಿದ್ದರು. ಒತ್ತಡ ಎಷ್ಟು, ಪ್ರಾಣವಾಯು ಎಷ್ಟು, ಒಳಗೆ ವಿದ್ಯುತ್ತು ಹೇಗೆ ಹರಿಯುತ್ತಿದೆ ಎಂದು ಅದು ಕ್ಷಣಕ್ಷಣವೂ ನೋಡುತ್ತದೆ. ನೋಡುವುದಷ್ಟೇ ಅಲ್ಲ. ಆ ವಿದ್ಯುತ್ತಿನ ಬಿರುಗಾಳಿ ಏಳುವ ಸೂಚನೆ ಕಂಡರೆ ತಾನೇ ಸಣ್ಣ ಮಿಡಿತ ಕೊಟ್ಟು ಮಿದುಳನ್ನು ಮಲಗಿಸುತ್ತದೆ. ಆ ಮಿಡಿತಕ್ಕೆ ಮೊದಲು ಬೇಕಾದವರ ದನಿಯೊಂದನ್ನು ಮಿದುಳಿನೊಳಗೆ ಸದ್ದು ಕೇಳುವ ಜಾಗಕ್ಕೆ ಮುಟ್ಟಿಸಿದರೆ ಮಿದುಳು ಹೆದರದೆ ಮಲಗುತ್ತದೆ, ಔಷಧ ಅರ್ಧಕ್ಕರ್ಧ ಸಾಕಾಗುತ್ತದೆ. ಹಿಂದಿನ ರೋಗಿಗಳಲ್ಲಿ ತಾಯಂದಿರ ದನಿ ಬಳಸಿದ್ದರಂತೆ. ಹೆಂಡತಿಯ ದನಿ ಇದೇ ಮೊದಲು.

ದನಿ ಹಿಡಿಯುವ ಕೆಲಸದ ಇಮ್ತಿಯಾಜ್ ಬೆಟಗೇರಿಯ ಹುಡುಗ. ಅವನೇ ಉಪಾಯ ಹೇಳಿದ. "ನಮ್ಮ ಅಮ್ಮೀನೂ ಅಬ್ಬಾನ ಹೆಸರು ಹೇಳೂದಿಲ್ಲ, ಕಾಕೂ. ಯಾರರ ಕೇಳಿದ್ರ ನನ್ನ ಮಾರಿ ನೋಡತಾರ. ನಿಮ್ಮ ಕಡೆ ಲಗ್ನದಾಗ ಒಡಪು ಹಾಕಿ ಹೇಳತಾರಲ್ಲ, ಹಂಗ ಹೇಳ್ರಿ."

ಒಡಪು ಎಂದೊಡನೆ ಕಾಶವ್ವ ತಲೆಯೆತ್ತಿದಳು. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಹೆಂಗಸರೆಲ್ಲ ಅಡ್ಡಗಟ್ಟುವ ಹೊತ್ತಿಗೆಂದು ಅವಳ ತಾಯಿ ಕಟ್ಟಿಕೊಟ್ಟಿದ್ದ ಒಡಪು ಅದು. ಪದದೊಳಗೆ ಸೇರಿಸಿ ಹೇಳಿದರೆ ಹೆಸರಿಗೆ ದೋಷವಿಲ್ಲ. ಅಂದೂ ಅವಳು ಕೊನೆಯ ಸಾಲಿನಲ್ಲಿ ತಡವರಿಸಿ ನಿಂತುಬಿಟ್ಟಿದ್ದಳು. ಆಗ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ಗುರುಪಾದ ಥೇಟು ಅವಳದೇ ದನಿ ಮಾಡಿ, ಹೆಣ್ಣಿನ ಹಾಗೆ ಕತ್ತು ಕೊಂಕಿಸಿ, ತನ್ನ ಹೆಸರನ್ನು ತಾನೇ ಹೇಳಿ ಸಾಲು ಮುಗಿಸಿದ್ದ. ಮಂದಿ ನಕ್ಕು ನಕ್ಕು ಆರತಿ ತಟ್ಟೆ ಕೂಡ ಅಲ್ಲಾಡಿತ್ತು.

ಕಾಶವ್ವ ಕಣ್ಣು ಮುಚ್ಚಿಕೊಂಡು ಹೇಳಿದಳು:

"ಗ್ವಾಡಿ ಬಿಳುಪು, ಅಕ್ಷರ ಕೆಂಪು,
ಅಕ್ಷರದ ಅಂಚಿಗೆ ಅರಿಶಿಣದ ಕಂಪು,
ಹೊಸ್ತಿಲಾಗ ನಿಂತೇನಿ ತೊಳಕೊಂಡು ಪಾದ,
ಒಳಗ ಕರಕೊಂಡವರು ಗುರುಪಾದ."

ಇಮ್ತಿಯಾಜ್ ಪರದೆಯ ಮೇಲೆ ಆ ದನಿಯ ಅಲೆಗಳನ್ನು ಹರಡಿಕೊಂಡು, ಮೊದಲಿನದೆಲ್ಲ ಕತ್ತರಿಸಿ ತೆಗೆದು, ಕೊನೆಯ ಹೆಸರನ್ನು ಮಾತ್ರ ಉಳಿಸಿಕೊಂಡ. ಹಲ್ಲಿಯ ಕತ್ತರಿಸಿದ ಬಾಲದ ಹಾಗೆ ಆ ಹೆಸರು ಪರದೆಯ ಮೇಲೆ ಒಂಟಿಯಾಗಿ ಮಿಡುಕುತ್ತಿತ್ತು. ಅದನ್ನು ನೋಡಿ ಕಾಶವ್ವನಿಗೆ ಉಳಿದದ್ದೂ ಇರಲಿ ಎನ್ನಬೇಕೆನಿಸಿತು. ಕಲಿತವರ ಕೆಲಸದ ನಡುವೆ ಬಾಯಿ ಹಾಕುವುದು ಬೇಡವೆಂದು ಸುಮ್ಮನಿದ್ದಳು.

ಹೆಸರು ಕೆಲಸ ಮಾಡಿತು. ನಿಗಾ ಕೋಣೆಯ ಗೋಡೆಯ ತುಂಬ ಪರದೆಗಳಿದ್ದವು. ಗುರುಪಾದನದು ಕಿಟಕಿಯ ಪಕ್ಕದ್ದು. ಅವನ ತಲೆಯೊಳಗಿನ ಒತ್ತಡ ಅಲ್ಲಿ ಒಂದು ಗೆರೆಯಾಗಿ ಓಡುತ್ತಿತ್ತು, ನೆಟ್ಟಗಿದ್ದರೆ ಹಸಿರು, ಎದ್ದರೆ ಕೆಂಪು. ಗೆರೆ ಏಳತೊಡಗಿದಾಗ ಜಾಲರಿ ಅವಳ ದನಿಯಲ್ಲಿ ಹೆಸರು ಹಿಡಿದು ಕರೆಯುವುದು, ಹಿಂದೆಯೇ ಮಿಡಿತ ಕೊಡುವುದು, ಗೆರೆ ಮೆಲ್ಲಗೆ ಮಲಗುವುದು. ಬೀಸುವ ಕಲ್ಲಿನ ಮುಂದೆ ಮಗು ಮಲಗಿದ ಹಾಗೆ. ಕೆಂಪು ಹತ್ತಿದ ರೋಗಿಗಳು ಆ ಗೋಡೆಯಿಂದ ಒಬ್ಬೊಬ್ಬರಾಗಿ ಕಾಣೆಯಾದರು. ಗುರುಪಾದನ ಗೆರೆ ಮಾತ್ರ ದಿನದಿನಕ್ಕೆ ನೆಟ್ಟಗಾಯಿತು. ಡಾಕ್ಟರ್ ಪಡಸಲಗಿಯವರು ಹೊರಗಿನಿಂದ ಬಂದ ದೊಡ್ಡ ಡಾಕ್ಟರುಗಳನ್ನು ಆ ಪರದೆಯ ಮುಂದೆಯೇ ನಿಲ್ಲಿಸುತ್ತಿದ್ದರು.

ಬಾಳವ್ವ ಊರಿನಿಂದ ಬುತ್ತಿ ಕಟ್ಟಿಕೊಂಡು ಬಂದಾಗಲೆಲ್ಲ ಗೆರೆಗೆ ಕೈ ಮುಗಿಯುತ್ತಿದ್ದಳು. ಕಾಶವ್ವ ಮನೆಗೆ ಹೋಗಿ ಬರುತ್ತಿದ್ದಳು. ಪಡಸಾಲೆಯಲ್ಲಿ ಅವನು ಅರ್ಧ ಬರೆದಿಟ್ಟ ಹಿಟ್ಟಿನ ಗಿರಣಿಯ ಬೋರ್ಡು ಗೋಡೆಗೆ ಒರಗಿತ್ತು. ಕುಂಚಗಳು ಒಣಗಿ ಸೆಟೆಯಬಾರದೆಂದು ಅವುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಇಡುತ್ತಿದ್ದಳು.

ಒಂದು ಮಧ್ಯಾಹ್ನ ಇಮ್ತಿಯಾಜ್ ಅವಳನ್ನು ನಿಗಾ ಕೋಣೆಯ ಮೂಲೆಗೆ ಕರೆದ. ಗೆರೆ ಏಳುವುದಕ್ಕೆ ಮೊದಲೇ ಜಾಲರಿ ಕರೆಯತೊಡಗಿದೆ ಎಂದ. ಮುಂದೆ ಏಳಬಹುದು ಎಂಬ ಊಹೆಯ ಮೇಲೆಯೇ ಕರೆಯುತ್ತಿದೆ. ಮೊದಮೊದಲು ದಿನಕ್ಕೆ ಕೆಲವೇ ಸಲ, ಈಗ ಉಸಿರಾಡಿದಷ್ಟು ಸಲ. ದನಿಯನ್ನೂ ತಿದ್ದುತ್ತಿದೆ, ಯಾವ ಏರಿಳಿತಕ್ಕೆ ಮಿದುಳು ಬೇಗ ಮಣಿಯುತ್ತದೆ ಎಂದು ಹುಡುಕಿ ಹುಡುಕಿ ಹೊಸದು ಮಾಡಿಕೊಂಡಿದೆ. ಕೇಳುತ್ತೀರಾ ಎಂದು ಕಿವಿಗೆ ಹಚ್ಚುವ ಸಾಧನ ಕೊಟ್ಟ.

ದನಿ ತನ್ನದೇ. ಆದರೆ ಅಷ್ಟು ಮೆತ್ತಗೆ, ಅಷ್ಟು ಹತ್ತಿರದಿಂದ, ಬೇರೆ ಕೆಲಸವೇ ಇಲ್ಲದವಳ ಹಾಗೆ ಕಾಶವ್ವ ಜನ್ಮದಲ್ಲಿ ಯಾರನ್ನೂ ಕರೆದಿರಲಿಲ್ಲ. ರೊಟ್ಟಿಯ ಹಿಟ್ಟಿಲ್ಲ ಎಂಬ ಸಿಡುಕಿಲ್ಲ, ಬಿಸಿಲಲ್ಲಿ ನಿಂತು ಬಂದ ದಣಿವಿಲ್ಲ. ಯಾವಳೋ ಒಬ್ಬಳು ತನ್ನ ಸೀರೆಯುಟ್ಟು, ತನ್ನ ಬಳೆ ತೊಟ್ಟು, ಗಂಡನ ಹಾಸಿಗೆಯ ಅಂಚಿನಲ್ಲಿ ಕುಳಿತುಬಿಟ್ಟಿದ್ದಾಳೆ ಎನಿಸಿತು. ಸಾಧನವನ್ನು ತೆಗೆದುಕೊಟ್ಟು, "ಇಕಿ ಯಾರಪಾ?" ಎಂದಳು.

ಇಮ್ತಿಯಾಜನಿಗೂ ಒಳಗೊಳಗೆ ಅಂಜಿಕೆಯಿತ್ತು. ಡಾಕ್ಟರರ ಒಪ್ಪಿಗೆ ಪಡೆದು ಮರುದಿನ ಕರೆಯುವುದನ್ನು ಕಡಿಮೆ ಮಾಡಿ ನೋಡಿದ. ಕಾಶವ್ವ ಗೋಡೆಯ ಮುಂದೆ ನಿಂತಿದ್ದಳು. ಸ್ವಲ್ಪ ಹೊತ್ತು ಗೆರೆ ಹಾಗೇ ಇತ್ತು. ಆಮೇಲೆ ನಡುಗಿತು. ಕಿಟಕಿಯ ಆಚೆಯ ಹಾಸಿಗೆಯಲ್ಲಿ ಗುರುಪಾದನ ಬೆರಳುಗಳು ಹೊದಿಕೆಯನ್ನು ಪರಚಿದವು, ಹುಬ್ಬು ಗಂಟಾಯಿತು, ತುಟಿ ಏನನ್ನೋ ಹುಡುಕುವ ಹಾಗೆ ಆಡಿತು. ಅದು ಅವನು ಮೇಲಕ್ಕೆ ಬರುತ್ತಿರುವ ಗುರುತೂ ಇರಬಹುದು, ಸ್ವಲ್ಪ ತಡೆಯೋಣ ಎಂದು ಡಾಕ್ಟರ್ ಹೇಳುತ್ತಿದ್ದಂತೆಯೇ ಗೆರೆ ಕೆಂಪಗೆ ಎದ್ದಿತು. ಗೋಡೆಯಿಂದ ಕಾಣೆಯಾದವರ ಕೆಂಪನ್ನು ಕಾಶವ್ವ ನೋಡಿದ್ದಳು. ಕುರ್ಚಿಯ ಬೆನ್ನು ಹಿಡಿದುಕೊಂಡು, "ಕರೀರಿ, ಕರದಬಿಡ್ರಿ ಆಕಿನ್ನ," ಎಂದಳು.

ಕರೆದರು. ಗೆರೆ ಮಲಗಿತು. ಅವನ ಮುಖದ ಗಂಟು ಬಿಚ್ಚಿತು. ಆಮೇಲೆ ಕಡಿಮೆ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ.

ಬಾವು ಇಳಿದ ಮೇಲೆ ಬುರುಡೆಯ ತುಂಡನ್ನು ಮತ್ತೆ ಕೂಡಿಸಿ, ಜಾಲರಿ ಕರೆಯುವುದನ್ನು ನಿಲ್ಲಿಸಿದರು. ಜಾಲರಿ ಆಮೇಲೆ ತಾನಾಗಿಯೇ ಕರಗಿಹೋಗುವಂಥದು. ಈ ಸಲ ಗೆರೆ ಏಳಲಿಲ್ಲ. ಕೆಲವು ದಿನಗಳಲ್ಲಿ ಗುರುಪಾದ ಕಣ್ಣು ತೆರೆದ, ನೀರು ಕುಡಿದ, ಗಂಜಿ ಉಂಡ. ಬಾಳವ್ವನ ಮುಖ ನೋಡಿ "ಯಕ್ಕಾ" ಎಂದ. ಬಾಳವ್ವ ಅಲ್ಲೇ ನೆಲಕ್ಕೆ ಕುಸಿದು ಅತ್ತಳು.

ಕಾಶವ್ವ ಮುಂದೆ ಬಾಗಿ, "ರೀ, ನಾನ್ರೀ," ಎಂದಳು.

ಅವನು ಅವಳನ್ನು ನೋಡಿದ. ನರ್ಸಮ್ಮನನ್ನು ನೋಡುವಷ್ಟೇ ಮರ್ಯಾದೆಯಿಂದ ನೋಡಿದ. "ಅಕ್ಕಾರ, ನಮ್ಮಾಕಿ ಎಲ್ಲೆ ಹೋದಳು? ಈಗ ಇಲ್ಲೇ ಇದ್ದಳು," ಎಂದ.

ಬಾಳವ್ವ ಕಣ್ಣೊರೆಸಿಕೊಂಡು ತಮ್ಮನನ್ನು ಬೈದಳು. ಹೆಂಡತಿ ಎದುರಿಗೇ ನಿಂತಿದ್ದಾಳೆ, ಕಣ್ಣು ಕಾಣುವುದಿಲ್ಲವೇ ಎಂದಳು. ಗುರುಪಾದ ಮತ್ತೊಮ್ಮೆ ನೋಡಿ, ತಪ್ಪು ತಿದ್ದುವವನ ಹಾಗೆ ಸಮಾಧಾನವಾಗಿ ಹೇಳಿದ: "ಇವರಲ್ಲ ಯಕ್ಕಾ. ನಮ್ಮಾಕಿ ನನ್ನ ಹೆಸರು ಹಿಡದು ಕರೀತಾಳ."

ಬಾಳವ್ವ ನಾದಿನಿಯ ಗತ್ತನ್ನೆಲ್ಲ ಬಿಟ್ಟು ಕಾಶವ್ವನ ಗದ್ದ ಹಿಡಿದು ಬೇಡಿಕೊಂಡಳು. "ಒಂದ ಸಲ ಅನ್ನವಾ. ಯಾವ ದೇವರೂ ಸಿಟ್ಟಾಗೂದಿಲ್ಲ." ಕಾಶವ್ವ ಒಡಪಿಲ್ಲದೆ, ಹಿಂದೆ ಮುಂದೆ ಏನೂ ಇಲ್ಲದೆ, ಬೋಳು ಹೆಸರನ್ನು ಜೀವಮಾನದಲ್ಲಿ ಮೊದಲ ಸಲ ಹೇಳಿದಳು.

"ಗುರುಪಾದ."

ಅವನ ಮುಖ ಅರಳಿತು. ಹೊಸ್ತಿಲಲ್ಲಿ ನಿಂತ ದಿನದ ಮುಖ ಅದು. "ಬಂದ್ಯಾ," ಎಂದು ಅವಳ ಕೈಗಾಗಿ ತಡಕಿದ. ಕೈ ಸಿಕ್ಕಿತು. ಸಿಗುತ್ತಿದ್ದಂತೆಯೇ ರೆಪ್ಪೆಗಳು ಇಳಿದವು, ಬೆರಳು ಸಡಿಲವಾದವು, ಉಸಿರು ಆಳಕ್ಕೆ ಹೋಯಿತು. ಅಲುಗಾಡಿಸಿದರೂ, ಬೆಳಕು ಹಾಕಿದರೂ, ಉಗುರು ಒತ್ತಿದರೂ ಏಳಲಿಲ್ಲ. ಮರುದಿನ ಹೊತ್ತೇರಿದ ಮೇಲೆ ಕಣ್ಣು ಬಿಟ್ಟವನು ಕಾಶವ್ವನನ್ನು ನೋಡಿ ಮತ್ತೆ, "ಅಕ್ಕಾರ, ನಮ್ಮಾಕಿ ಎಲ್ಲೆ?" ಎಂದ.

ಡಾಕ್ಟರ್ ಪಡಸಲಗಿ ಹಲವು ರೀತಿಯಲ್ಲಿ ನೋಡಿದರು. ಬಾಳವ್ವ ಹೆಸರು ಕೂಗಿದಳು, ಇಮ್ತಿಯಾಜ್ ಕೂಗಿದ, ನರ್ಸುಗಳು ಕೂಗಿದರು. ಗುರುಪಾದ 'ಏನ್ರಿ' ಎಂದನಷ್ಟೆ. ಕಾಶವ್ವ ಕರೆದರೆ ಮಾತ್ರ ಮುಖ ಅರಳುವುದು, ಗುರುತು ಹತ್ತುವುದು, ಒಡನೆಯೇ ಮುಳುಗುವುದು. ಎರಡನೆಯ ಸಲದ ನಿದ್ದೆ ಮೊದಲನೆಯದಕ್ಕಿಂತ ಉದ್ದವಾಗಿತ್ತು. ಮೂರನೆಯದು ಇನ್ನೂ ಉದ್ದ. ಎಚ್ಚರಾಗುವಾಗ ಉಸಿರು ಎಲ್ಲೋ ಸಿಕ್ಕಿಕೊಂಡು ಬಂದಿತ್ತು. ಆಮೇಲೆ ಡಾಕ್ಟರ್ ಪರೀಕ್ಷೆ ನಿಲ್ಲಿಸಿ, ಕಾಶವ್ವನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ಯಂತ್ರ ನಿಂತೈತಿ, ಕಾಶವ್ವ. ಅದು ತುಳದ ಹಾದಿ ನಿಂತಿಲ್ಲ," ಎಂದರು. ಹೆಸರಿನ ಹಿಂದೆ ನಿದ್ದೆ, ಹೆಸರಿನ ಹಿಂದೆ ನಿದ್ದೆ ಎಂದು ಲಕ್ಷ ಸಲ ನಡೆದು ಆ ಮಿದುಳಿನಲ್ಲಿ ಗಾಡಿಯ ಜಾಡು ಬಿದ್ದಿದೆ. ಅವನನ್ನು ಉಳಿಸಿದ್ದೂ ಆ ಜಾಡೇ. ಮತ್ತೊಂದು ಜಾಲರಿ ಹಾಕಿ ಅಳಿಸಲು ನೋಡಬಹುದು; ಆದರೆ ಹೆಂಡತಿಯ ದನಿಯ ಜೊತೆ ಇನ್ನೇನೇನು ಅಳಿಸಿ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ. ಕೊನೆಗೆ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ, "ಒಂದೊಂದು ಸಲಕ್ಕೂ ತಳಕ್ಕ ಇಳಿಯಾಕತ್ತಾರ. ಒಂದು ಸಲ ಮ್ಯಾಲ ಬರದೇನೂ ಇರಬಹುದು. ನೀವು ಕರೀಬ್ಯಾಡ್ರಿ," ಎಂದರು.

ಕರೆದರೆ ಅವನು ಅವಳ ಗಂಡ, ಕಣ್ಣು ಮುಚ್ಚಿದವನು. ಕರೆಯದಿದ್ದರೆ ಕಣ್ಣು ತೆರೆದಿರುವವನು, ಯಾರೋ. ಕಾಶವ್ವ ಕಣ್ಣು ತೆರೆದಿರುವವನನ್ನು ಮನೆಗೆ ಕರೆತಂದಳು.

ಮನೆಯಲ್ಲಿ ಗುರುಪಾದ ಒಳ್ಳೆಯ ಅತಿಥಿಯ ಹಾಗಿದ್ದ. ರೊಟ್ಟಿ ಹಾಕಿದರೆ "ಸಾಕ್ರಿ ಅಕ್ಕಾರ" ಎನ್ನುವನು. ಅವಳು ಒಳಬಂದರೆ ಚಾಪೆಯ ಮೇಲೆ ಕಾಲು ಮಡಚಿಕೊಳ್ಳುವನು. ಹೆಂಡತಿ ತವರಿಗೆ ಹೋಗಿದ್ದಾಳೆಂದು ತಾನೇ ಒಂದು ಸಮಾಧಾನ ಮಾಡಿಕೊಂಡು, ಸಂಜೆಯಾದರೆ ಕಿವಿ ನೆಟ್ಟಗೆ ಮಾಡಿ ಕುಳಿತುಕೊಳ್ಳುವನು. ಬಾಳವ್ವ ಬಂದಾಗ ತಲೆ ಚಚ್ಚಿಕೊಂಡು, "ಇಷ್ಟು ವರ್ಷ ಕೂಡಿ ಬದಕಿದ ಹೇಂತೀಗೆ ಅಕ್ಕಾರ ಅಂತಾನಲ್ಲ, ನನಗ ಏನಂದಾನು? ಆಯಿ ಅಂದಾನು," ಎಂದು ನಗಿಸಲು ನೋಡುವಳು. ಕಾಶವ್ವನೂ ನಗುವಳು. ನಗುವಾಗಲೂ ತುಟಿಯ ಮೇಲೆ ಒಂದು ಎಚ್ಚರ. ಜೀವಮಾನವೆಲ್ಲ ಹೇಳಲು ಬಾರದಿದ್ದ ಹೆಸರು ಈಗ ಆಡುವ ಮಾತಿಗೆಲ್ಲ ನುಗ್ಗಿ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು.

ಅರ್ಧ ಉಳಿದ ಬೋರ್ಡನ್ನು ಒಂದು ದಿನ ಅವನ ಮುಂದೆ ಇಟ್ಟಳು. ಅವನು ಬಹಳ ಹೊತ್ತು ನೋಡಿ, ಕುಂಚ ಕೇಳಿದ. ಮನಸ್ಸು ಮರೆತದ್ದನ್ನು ಕೈ ಮರೆತಿರಲಿಲ್ಲ. ಗೆರೆ ಮೊದಲು ನಡುಗಿತು, ಆಮೇಲೆ ನೆಟ್ಟಗಾಯಿತು. ಅದನ್ನು ನೋಡುತ್ತ ಕುಳಿತವಳ ಬಾಯಿಂದ ತನಗೇ ತಿಳಿಯದೆ, "ಗ್ವಾಡಿ ಬಿಳುಪು, ಅಕ್ಷರ ಕೆಂಪು," ಎಂದು ಬಂದುಬಿಟ್ಟಿತು. ಅವನ ಕೈ ನಿಂತಿತು. ಅವಳು ಮೆಲ್ಲಗೆ ಮುಂದುವರಿಸಿದಳು, ಹೊಸ್ತಿಲ ತನಕ, ಪಾದ ತೊಳೆಯುವ ತನಕ, 'ಒಳಗ ಕರಕೊಂಡವರು' ಎಂಬಲ್ಲಿಯ ತನಕ. ಅಲ್ಲಿ ಬಾಯಿ ಮುಚ್ಚಿದಳು.

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಮನೆಗೆ ಬಂದ ಮೇಲೆ ಮೊದಲ ಸಲ ಹಾಗೆ ನೋಡಿದ್ದು. "ಮುಂದ?" ಎಂದ.

"ನಾಳೆ ಹೇಳತೇನ್ರೀ."

ಮರುದಿನ ಚಹಾ ಕುಡಿಯುತ್ತ ಅವನೇ, "ಅಕ್ಕಾರ, ಮುಂದ ಏನ್ರಿ ಅದು?" ಎಂದು ಕೇಳಿದ. ಮೊದಲ ಸಲ ಅವನಲ್ಲಿ ನಿನ್ನೆಯದು ಇಂದಿಗೆ ಉಳಿದಿತ್ತು. ಕಾಶವ್ವ ಹಿತ್ತಲಿಗೆ ಹೋಗಿ ಅತ್ತು ಬಂದಳು. ಅಂದಿನಿಂದ ದಿನವೂ ಒಡಪು ನಡೆಯಿತು, ದಿನವೂ ಹೆಸರಿನ ಹೊಸ್ತಿಲಲ್ಲಿ ನಿಂತಿತು. ಮುಗಿಯದ ಸಾಲಿನ ಎಳೆ ಹಿಡಿದು ಅವನು ದಿನಕ್ಕಿಷ್ಟು ಮೇಲಕ್ಕೆ ಬರುತ್ತಿದ್ದ. ಮಗಳ ನೆನಪು ಬಂತು. ಎಣ್ಣೆ ಗಿರಣಿಯ ನೆನಪು ಬಂತು. "ನಿಮ್ಮ ದನಿ ನಮ್ಮಾಕಿ ದನಿ ಹಂಗ ಐತ್ರಿ," ಎಂದ ಒಂದು ದಿನ. ಫೋನಿನಲ್ಲಿ ಕೇಳಿದ ಡಾಕ್ಟರ್ ಪಡಸಲಗಿ, ಇಮ್ತಿಯಾಜನನ್ನೂ ಕರೆದುಕೊಂಡು ತಾವೇ ಬಂದು ನೋಡುವುದಾಗಿ ಹೇಳಿದರು. ಕತ್ತರಿಸಿ ಎಸೆದ ಆ ಸಾಲುಗಳನ್ನು ಮೊದಲೇ ಕೇಳಿಸಿದ್ದರೆ ಎಂದು ಅವರ ದನಿ ಅರ್ಧಕ್ಕೆ ನಿಂತಿತು.

ಅವರು ಬರುವ ಹಿಂದಿನ ದಿನ, ಮಧ್ಯಾಹ್ನದ ಊಟವಾದ ಮೇಲೆ ಗುರುಪಾದ ಬೋರ್ಡಿನ ಕೊನೆಯ ಅಕ್ಷರಕ್ಕೆ ಹಳದಿಯ ಅಂಚು ಕಟ್ಟುತ್ತಿದ್ದ. ಅಂಗಳದಲ್ಲಿ ಬಿಸಿಲು ಬೆಳ್ಳಗೆ ಬಿದ್ದಿತ್ತು. ಕಾಶವ್ವ ಕಡಲೆ ಆರಿಸುತ್ತ ಒಡಪು ಹೇಳಿದಳು. ಹೊಸ್ತಿಲಿಗೆ ಬಂದಳು. ನಿಂತಳು.

ಗುರುಪಾದ ಕುಂಚವನ್ನು ಕೈಯಲ್ಲೇ ಹಿಡಿದು ತಿರುಗಿದ. ಅವಳ ಕೊರಳಿನ ಮಚ್ಚೆ ನೋಡಿದ, ಕೈಯ ಹಸಿರು ಬಳೆ ನೋಡಿದ, ಬಾಯಿ ಬಿಗಿಹಿಡಿದು ತಡವರಿಸುತ್ತ ಕುಳಿತ ಆ ಮುಖವನ್ನು ನೋಡಿದ. ಆ ತಡವರಿಕೆಯನ್ನು ಅವನು ಎಲ್ಲಿಯೋ ನೋಡಿದ್ದ. ಕಣ್ಣಿನ ಅಂಚು ಮೊದಲು ಸುಕ್ಕಾಯಿತು, ಆಮೇಲೆ ಇಡೀ ಮುಖಕ್ಕೆ ಹಳೆಯ ತುಂಟತನ ಹರಡಿತು.

"ಕಾಶೀ," ಎಂದ. "ನೀನ ಅಲ್ಲೇನ? ಇಷ್ಟು ದಿನಾ ಅಕ್ಕಾರ ಅನಿಸಿಕೊಂಡು ಸುಮ್ಮ ಕುಂತೀಯಲ್ಲ, ಖೋಡಿ."

ಕಡಲೆಯ ಮೊರ ಅವಳ ತೊಡೆಯಿಂದ ಜಾರಿ ಕಾಳೆಲ್ಲ ಅಂಗಳಕ್ಕೆ ಉರುಳಿತು. ಎದೆಯ ಮೇಲಿದ್ದ ಹಾಸುಗಲ್ಲನ್ನು ಯಾರೋ ಎತ್ತಿದ ಹಾಗಾಗಿ, ಉಸಿರು ತುಂಬಿಕೊಂಡು, ನಗುವುದೋ ಅಳುವುದೋ ತಿಳಿಯದೆ ಅವನನ್ನು ನೋಡಿದಳು. ಹೆಸರು ಹೇಳಲಾಗದೆ ಅವಳು ಇನ್ನೂ ಹೊಸ್ತಿಲಲ್ಲೇ ನಿಂತಿದ್ದಾಳೆಂದು ಅವನು ತಿಳಿದ.

"ಇನ್ನೂ ನಾಚಿಕೇನ?" ಎಂದ. ಹೆಣ್ಣಿನ ಹಾಗೆ ಕತ್ತು ಕೊಂಕಿಸಿದ. ಬಾಸಿಂಗ ಕಟ್ಟಿಕೊಂಡಿದ್ದ ದಿನದ ಹಾಗೆಯೇ, ಥೇಟು ಅವಳ ದನಿ ಮಾಡಿದ.

ಅವನು ಏನು ಹೇಳಲಿದ್ದಾನೆಂದು ಅವಳಿಗೆ ಹೊಳೆಯಿತು. ಎದ್ದಳು, ಅವನ ಬಾಯಿಗೆ ಕೈ ಚಾಚಿದಳು. ನಡುವೆ ಬೋರ್ಡಿತ್ತು.

"ಒಳಗ ಕರಕೊಂಡವರು ಗುರುಪಾದ."

ದನಿ ಅವಳದಾಗಿತ್ತು. ಅವಳದಕ್ಕಿಂತ ಮೆತ್ತಗಿತ್ತು. ಬೇರೆ ಕೆಲಸವೇ ಇಲ್ಲದವಳ ಹಾಗೆ, ಬಹಳ ಹತ್ತಿರದಿಂದ ಕರೆದ ಹಾಗೆ.

ನಗು ಅವನ ಮುಖದ ಮೇಲೆ ಹಾಗೆಯೇ ಉಳಿಯಿತು. ರೆಪ್ಪೆಗಳು ಇಳಿದವು. ಕುಂಚ ಬೆರಳುಗಳಿಂದ ಜಾರಿ, ಬೋರ್ಡಿನ ಮೇಲೆ ಒಂದು ಉದ್ದ ಹಳದಿ ಗೆರೆ ಎಳೆದು ನೆಲಕ್ಕೆ ಬಿತ್ತು. ಕಾಶವ್ವ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. "ರೀ," ಎಂದಳು. "ರೀ, ಇಲ್ಲಿ ನೋಡ್ರಿ," ಎಂದಳು. ಕೆನ್ನೆ ತಟ್ಟಿದಳು, ಮಗಳ ಹೆಸರು ಹೇಳಿದಳು, ನೀರು ಚಿಮುಕಿಸಿದಳು. ಉಸಿರು ಒಂದು ಮೆಟ್ಟಿಲು ಇಳಿಯಿತು, ಮತ್ತೊಂದು ಮೆಟ್ಟಿಲು ಇಳಿಯಿತು. ಅವಳ ಯಾವ ಮಾತೂ ಅಷ್ಟು ಕೆಳಗೆ ಮುಟ್ಟುತ್ತಿರಲಿಲ್ಲ.

ಮುಟ್ಟುವ ಮಾತು ಒಂದಿತ್ತು, ಅದು ಇನ್ನೂ ಕೆಳಕ್ಕೆ ಇಳಿಸುವ ಮಾತು. ಕಾಶವ್ವ ತುಟಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿದು ಕುಳಿತಳು. ಅವನನ್ನು ಕರೆಯಲು ಅವಳ ಬಳಿ ಉಳಿದದ್ದು ಆ ಒಂದೇ ಹೆಸರು.